ಆರು ಗಡಿಯಾರಗಳ ಮನೆ

ಮಸೀದಿಯ ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಒಂದು ಹಲಗೆ ಕಾಣುತ್ತದೆ. ಅದರಲ್ಲಿ ಆರು ಗಡಿಯಾರದ ಮುಖಗಳು. ನಸುಕಿನ ಫಜರ್, ನಡುಹಗಲಿನ ಜೊಹರ್, ಇಳಿಹೊತ್ತಿನ ಅಸರ್, ಸೂರ್ಯ ಮುಳುಗಿದ ಮೇಲಿನ ಮಗ್ರಿಬ್, ರಾತ್ರಿಯ ಇಶಾ. ಆರನೆಯದು ಶುಕ್ರವಾರದ ಜುಮ್ಮಾ. ಇವಕ್ಕೆ ಒಳಗೆ ಯಂತ್ರವಿಲ್ಲ, ಸದ್ದೂ ಇಲ್ಲ. ನಮಾಜಿಗೆ ಎಲ್ಲರೂ ಸಾಲುಗಟ್ಟಿ ನಿಲ್ಲುವ ಹೊತ್ತನ್ನು ತೋರಿಸುತ್ತ ಮುಳ್ಳುಗಳು ಇದ್ದಲ್ಲೇ ಇರುತ್ತವೆ. ಸೂರ್ಯ ಸರಿದಂತೆ ಅವನ್ನು ಕೈಯಿಂದ ಸರಿಸುವವರು ಮೌಜನ್ ಸಾಬರು, ಅಜಾನ್ ಕೂಗುವವರು. ನಮ್ಮ ರಾಮನಗರ ಸೀಮೆಯಲ್ಲಿ ನವೆಂಬರಿನಲ್ಲಿ ಹೊತ್ತು ಮುಳುಗುವುದು ಸಂಜೆ 5:50ರ ಆಸುಪಾಸು. ಜುಲೈನಲ್ಲಿ 6:50ರ ಹತ್ತಿರ. ಆ ಒಂದು ಗಂಟೆಯನ್ನು ಮಗ್ರಿಬ್‌ನ ಮುಳ್ಳು ನಿಮಿಷ ನಿಮಿಷವಾಗಿ ಹತ್ತಿ ಇಳಿಯುತ್ತದೆ.

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಹಾರೋಹಳ್ಳಿ ಬಹುಕಾಲ ಕನಕಪುರ ತಾಲ್ಲೂಕಿನ ಒಂದು ಹೋಬಳಿಯಾಗಿತ್ತು. ಈಚೆಗೆ ತಾನೇ ತಾಲ್ಲೂಕು ಕೇಂದ್ರವಾಗಿದೆ. ಸುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ. ಅವುಗಳ ನಡುವೆಯೇ ಎದ್ದ ದೊಡ್ಡ ಕೈಗಾರಿಕಾ ಪ್ರದೇಶ. ಹಾರೋಹಳ್ಳಿ, ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಈ ಊರುಗಳ ಮಸೀದಿಗಳಿಂದ ದಿನಕ್ಕೆ ಐದು ಸಲ ಅಜಾನ್ ಕೇಳುತ್ತದೆ. ಅಜಾನ್ ಎಲ್ಲರಿಗೂ ಗೊತ್ತು. ಅದು ಮುಗಿದ ಮೇಲೆ ಗೋಡೆಯಾಚೆ ಏನೇನು ನಡೆಯುತ್ತದೆ ಎಂಬುದು ಎಷ್ಟೋ ಸಲ ಪಕ್ಕದ ಬೀದಿಯವರಿಗೂ ಗೊತ್ತಿರುವುದಿಲ್ಲ. ಗೊತ್ತಿರಬೇಕು ಎಂಬುದು ನನ್ನ ಆಸೆ.

ಮಸೀದಿ ಕಟ್ಟಡದ ಹೆಸರು. ಅದನ್ನು ನಡೆಸುವ ಜನಕ್ಕೆ ಜಮಾತ್ ಎನ್ನುತ್ತಾರೆ. ಜಮಾತಿನ ಲೆಕ್ಕ ಮನೆಗಳಲ್ಲಿ: ಇಷ್ಟು ಮನೆ, ಮನೆಗಿಷ್ಟು ತಿಂಗಳ ಚಂದಾ. ಜೊತೆಗೆ ಶುಕ್ರವಾರ ಸಾಲುಗಳ ನಡುವೆ ಸಾಗುವ ಡಬ್ಬಿ, ಮಸೀದಿಗೆ ಅಂಗಡಿ ಮಳಿಗೆಗಳಿದ್ದರೆ ಅವುಗಳ ಬಾಡಿಗೆ. ಎಲ್ಲಕ್ಕೂ ಹೊಣೆಗಾರರು ಮುತವಲ್ಲಿ. ಯಾವನೋ ಒಬ್ಬ ಹಿರಿಯ ದೇವರ ಹೆಸರಿಗೆ ಬಿಟ್ಟುಕೊಟ್ಟ ಜಾಗ ವಕ್ಫ್ ಆಗುತ್ತದೆ. ಆಮೇಲೆ ಅದನ್ನು ಅವನ ಮಕ್ಕಳೂ ಹಿಂದಕ್ಕೆ ಕೇಳುವಂತಿಲ್ಲ, ಮುತವಲ್ಲಿಯೂ ತನ್ನದು ಎನ್ನುವಂತಿಲ್ಲ. 1995ರ ವಕ್ಫ್ ಕಾಯ್ದೆಯಂತೆ ಮುತವಲ್ಲಿ ವರ್ಷವರ್ಷ ವಕ್ಫ್ ಮಂಡಳಿಗೆ ಲೆಕ್ಕ ಒಪ್ಪಿಸಬೇಕು, ನಿವ್ವಳ ಆದಾಯದಲ್ಲಿ ವಂತಿಗೆ ಕಟ್ಟಬೇಕು. ಶೇ 7ರವರೆಗೆ ಇದ್ದ ಆ ವಂತಿಗೆಯನ್ನು 2025ರ ತಿದ್ದುಪಡಿ ಶೇ 5ಕ್ಕೆ ಇಳಿಸಿದೆ. ಸಣ್ಣ ಊರಿನ ಮಸೀದಿಯ ಖರ್ಚು ನೋಡಿದರೆ ಕೈಯಲ್ಲಿ ಉಳಿಯುವುದು ಅಷ್ಟರಲ್ಲೇ ಇರುತ್ತದೆ: ಕರೆಂಟ್ ಬಿಲ್, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವಜೂ ಮಾಡುವ ನೀರು, ನಮಾಜು ನಡೆಸುವ ಇಮಾಮರ ಸಂಬಳ. ಇಮಾಮರನ್ನು ಊರವರು ಪ್ರೀತಿಯಿಂದ ಹಜ್ರತ್ ಎನ್ನುತ್ತಾರೆ. ಅನೇಕ ಕಡೆ ಹಜ್ರತರ ಊಟ ಸರದಿಯ ಮೇಲೆ ಮನೆಮನೆಯಿಂದ ಕ್ಯಾರಿಯರ್‌ನಲ್ಲಿ ಬರುತ್ತಿತ್ತು, ಕೆಲವೆಡೆ ಈಗಲೂ ಬರುತ್ತದೆ. ಪೇಶ್ ಇಮಾಮರಿಗೆ ತಿಂಗಳಿಗೆ 6,000, ಮೌಜನರಿಗೆ 5,000 ರೂಪಾಯಿ ಗೌರವಧನವನ್ನು ರಾಜ್ಯ ಸರ್ಕಾರ 2025-26ರ ಬಜೆಟ್ಟಿನಲ್ಲಿ ಘೋಷಿಸಿತು. ಬೆಳಗಿನ ಜಾವದಿಂದ ರಾತ್ರಿಯವರೆಗೆ ಊರು ಬಿಟ್ಟು ಕದಲಲಾಗದ ಕೆಲಸಕ್ಕೆ ಇದು ದೊಡ್ಡ ಮೊತ್ತವೇನಲ್ಲ.

ಈ ಸೀಮೆಯ ಜಮಾತನ್ನು ಅರಿಯಬೇಕಾದರೆ ರೇಷ್ಮೆಯನ್ನು ಅರಿಯಬೇಕು. ಹುಳು ಸಾಕಿ ಗೂಡು ಬೆಳೆಯುವವರಲ್ಲಿ ಹೆಚ್ಚಿನವರು ಒಕ್ಕಲಿಗ ಮತ್ತಿತರ ರೈತರು. ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಇಬ್ಬರೂ ಎದುರಾಗುವುದು ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ. ಗೂಡಿನ ಮಾರಾಟವನ್ನು 1959ರ ಕಾಯ್ದೆ ಅಲ್ಲಿಗೇ ತಂದು ಕಟ್ಟಿತು. ರಾಮನಗರದ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಯಿತು. ಗೂಡಿಗೆ ಕಾಯುವ ಗುಣವಿಲ್ಲ. ಒಳಗಿನ ಹುಳು ಜೀವಂತ. ಹತ್ತು ಹನ್ನೆರಡು ದಿನದೊಳಗೆ ಶಾಖ ಕೊಡದಿದ್ದರೆ ಅದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ತುಂಡು ತುಂಡಾಗುತ್ತದೆ. ನೂರಾರು ಮೀಟರ್ ಉದ್ದದ ಒಂದೇ ಎಳೆ ಕೈತಪ್ಪಿಹೋಗುತ್ತದೆ. ಹಾಗಾಗಿ ಕೊಂಡ ಗೂಡಿನ ಲಾಟು ಮನೆಗೆ ಬಂದ ಮೇಲೆ ರೀಲರ್ ಕೂರುವಂತಿಲ್ಲ. ಫಜರ್ ಮುಗಿಸಿ ಬಂದು ಒಲೆ ಹೊತ್ತಿಸಿದರೆ ಬೇಸಿನ್ನಿನ ನೀರು ಕಾದು, ಗೂಡು ಬೆಂದು, ಎಳೆ ಸಿಕ್ಕಿ ರಾಟೆ ತಿರುಗುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಜೊಹರ್‌ಗೆ ಒಲೆ ಬಿಟ್ಟು ಬಂದವರ ಬೆರಳುಗಳು ಬಿಸಿನೀರಿಗೆ ಬಿಳುಚಿ ಸುಕ್ಕಾಗಿರುತ್ತವೆ. ಎಷ್ಟು ತೊಳೆದರೂ ಬೆಂದ ಹುಳುವಿನ ವಾಸನೆ ಅಂಗಿಯಲ್ಲಿ ಉಳಿದಿರುತ್ತದೆ. ರೇಷ್ಮೆ ಊರಿನ ಮಸೀದಿಯಲ್ಲಿ ಅತ್ತರಿನ ಜೊತೆ ಈ ವಾಸನೆಯೂ ಇರುತ್ತದೆ. ನನಗೆ ಅದು ದುಡಿಮೆಯ ವಾಸನೆ.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ದರ ಕುಸಿದು ರೈತರು ಬೀದಿಗಿಳಿದದ್ದು ಇಲ್ಲಿನವರಿಗೆ ನೆನಪಿದೆ. ಗೂಡಿನ ದರ ಬಿದ್ದರೆ ರೈತನ ಮನೆಯಲ್ಲಿ ಕತ್ತಲೆ, ನೂಲಿನ ದರ ಬಿದ್ದರೆ ರೀಲರನ ಮನೆಯಲ್ಲಿ. ರೀಲರನ ಕತ್ತಲೆ ಮಸೀದಿಯ ಚಂದಾ ಪುಸ್ತಕದಲ್ಲಿ ಬಾಕಿಯಾಗಿ ಬರೆಯಲ್ಪಡುತ್ತದೆ.

ಎಲ್ಲ ಮಸೀದಿಯೂ ಒಂದೇ ಥರ ಎಂದು ಮಾತ್ರ ತಿಳಿಯಬಾರದು. ಚನ್ನಪಟ್ಟಣದಲ್ಲಿ ಜೌನ್‌ಪುರದ ಸಯ್ಯದ್ ಮುಹಮ್ಮದರನ್ನು ಮಹದಿ ಎಂದು ನಂಬುವ ಮಹದವಿಗಳಿದ್ದಾರೆ, ಊರವರ ಬಾಯಲ್ಲಿ ದಾಯಿರೆಯವರು. ಕಸುಬೂ ಎಲ್ಲೆಡೆ ರೇಷ್ಮೆಯೇ ಅಲ್ಲ: ಅದೇ ಊರಿನಲ್ಲಿ ಅರಗು ಬಣ್ಣದ ಗೊಂಬೆಯನ್ನು ಕಡೆಯುವ ಕುಶಲಕರ್ಮಿಗಳಿದ್ದಾರೆ. ಆ ಕಸುಬಿಗೆ ಹೊಸ ಕಳೆ ಕೊಟ್ಟ ಬಾವಾಸ್ ಮಿಯಾನ್ ಹೆಸರನ್ನು ಅವರು ಈಗಲೂ ಹೇಳುತ್ತಾರೆ.

ಮಕ್ಕಳ ಗದ್ದಲ ಇರುವುದು ಮಸೀದಿಯ ಪಾಠಶಾಲೆಯಾದ ಮಕ್ತಬಿನಲ್ಲಿ. ಶಾಲೆಗೆ ಮುಂಚೆ ಒಂದು ಪಾಳಿ, ಶಾಲೆ ಬಿಟ್ಟ ಮೇಲೆ ಇನ್ನೊಂದು. ಮೊದಲು ಖಾಯಿದಾ, ಅಂದರೆ ಅರಬ್ಬಿ ಅಕ್ಷರಮಾಲೆಯ ಪುಸ್ತಕ. ಆಮೇಲೆ ಕುರ್‌ಆನ್ ನೋಡಿ ಓದುವುದು. ಕೆಲವರು ಪೂರ್ತಿ ಬಾಯಿಪಾಠ ಮಾಡಿ ಹಾಫಿಜ್ ಆಗುತ್ತಾರೆ. ಮಣೆಯ ಮೇಲೆ ಪುಸ್ತಕವಿಟ್ಟು ಹಿಂದಕ್ಕೂ ಮುಂದಕ್ಕೂ ತೂಗುತ್ತ ಒಟ್ಟಿಗೆ ಕೂಗುವ ಮಕ್ಕಳ ದನಿ, ಬೀದಿಯಿಂದ ಕೇಳಿದರೆ, ಹಿಂದೆ ಕೂಲಿಮಠಗಳಲ್ಲಿ ಮಗ್ಗಿ ಹೇಳುತ್ತಿದ್ದದ್ದು ಹೀಗೇ ಇದ್ದಿರಬೇಕು ಅನ್ನಿಸುತ್ತದೆ.

ಮಗ್ರಿಬ್ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ನಡೆಯುವುದನ್ನು ನಿಂತು ನೋಡಬೇಕು. ಕಂಕುಳಲ್ಲಿ ಕೂಸು, ಕೈಯಲ್ಲಿ ನೀರಿನ ಬಾಟಲಿ ಹಿಡಿದ ತಾಯಂದಿರು ಮೆಟ್ಟಿಲ ಪಕ್ಕ ನಿಂತಿರುತ್ತಾರೆ. ಹಣೆಯಲ್ಲಿ ಕುಂಕುಮವಿರುವವರೂ ಇರುತ್ತಾರೆ. ಕೂಸು ರಾತ್ರಿಯೆಲ್ಲ ಬೆಚ್ಚುತ್ತದೆ, ಹಾಲು ಕುಡಿಯುವುದಿಲ್ಲ, ದೃಷ್ಟಿಯಾಗಿದೆ. ನಮಾಜು ಮುಗಿಸಿ ಹೊರಬರುವವರು ಒಬ್ಬೊಬ್ಬರಾಗಿ ಏನನ್ನೋ ಓದಿಕೊಂಡು ಮಗುವಿನ ಮುಖಕ್ಕೆ, ನೀರಿಗೆ ಉಫ್ ಎಂದು ಊದಿ ಹೋಗುತ್ತಾರೆ. ಇದಕ್ಕೆ ದುಡ್ಡಿಲ್ಲ, ಚೀಟಿಯಿಲ್ಲ, ಹೆಸರು ಕೇಳುವವರಿಲ್ಲ. ಜ್ವರ ಬಂದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಗಲೆಲ್ಲ ಒಲೆ ಮುಂದೆ ನಿಂತು ಬಂದವನೊಬ್ಬ ಗುರುತಿಲ್ಲದ ಕೂಸಿನ ಮೇಲೆ ತನ್ನ ಉಸಿರು ಹಾಯಿಸಿ ಹೋಗುವುದನ್ನು ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಉಪವಾಸದ ರಂಜಾನ್ ತಿಂಗಳು ಬಂದರೆ ಮಸೀದಿಯ ಚಹರೆಯೇ ಬದಲು. ಚಾಂದ್ರಮಾನದ ವರ್ಷ ಹನ್ನೊಂದು ದಿನ ಚಿಕ್ಕದಾದ್ದರಿಂದ ರಂಜಾನ್ ಒಮ್ಮೆ ಚಳಿಗಾಲಕ್ಕೆ, ಒಮ್ಮೆ ಬಿರುಬೇಸಿಗೆಗೆ ಬರುತ್ತದೆ. ಬೇಸಿಗೆಯಲ್ಲಿ ಹನಿ ನೀರಿಲ್ಲದೆ ಕುದಿವ ಬೇಸಿನ್ನಿನ ಮುಂದೆ ದಿನ ಕಳೆಯುವುದನ್ನು ಊಹಿಸಿಕೊಳ್ಳಿ. ಅಸರ್ ಹೊತ್ತಿಗೆ ಮಸೀದಿಯ ಹಿತ್ತಲಲ್ಲಿ ದೊಡ್ಡ ಪಾತ್ರೆ ಒಲೆಗೇರುತ್ತದೆ: ಅಕ್ಕಿ ನುಚ್ಚು, ಬೇಳೆ, ಶುಂಠಿ ಬೆಳ್ಳುಳ್ಳಿ, ಪುದೀನ, ಅನುಕೂಲವಿದ್ದ ದಿನ ಒಂದಿಷ್ಟು ಕೈಮಾ. ಅದೇ ಗಂಜಿ. ಖರ್ಚು ದಿನಕ್ಕೊಂದು ಮನೆಯದು. ಚಾಪೆಯ ಮೇಲೆ ದಸ್ತರ್‌ಖಾನ್ ಹಾಸಿ ಖರ್ಜೂರದಿಂದ ಉಪವಾಸ ಬಿಟ್ಟು ಎಲ್ಲರೂ ಗಂಜಿ ಕುಡಿಯುತ್ತಾರೆ. ತೂಕು ಪಾತ್ರೆ ಹಿಡಿದು ಬಂದ ಮಕ್ಕಳ ಕೈಯಲ್ಲಿ ಅದು ಮನೆಗಳಿಗೂ ಹೋಗುತ್ತದೆ. ರಾತ್ರಿ ತರಾವೀಹ್ ನಮಾಜಿನಲ್ಲಿ ಹಾಫಿಜರು ಕುರ್‌ಆನಿನ ಮೂವತ್ತು ಭಾಗಗಳನ್ನು ನೆನಪಿನಿಂದಲೇ ಓದಿ ಮುಗಿಸುತ್ತಾರೆ. ಉಳಿತಾಯದ ನಲವತ್ತರಲ್ಲೊಂದು ಭಾಗ ಜಕಾತ್ ಎಂದು ಬಡವರಿಗೆ ಹೋಗಬೇಕು. ಈದ್ ನಮಾಜಿಗೆ ಮುಂಚೆ ಮನೆಯ ತಲೆಯೊಂದಕ್ಕೆ ಇಷ್ಟೆಂದು ಫಿತ್ರಾ ಕೊಡಬೇಕು, ಅಂದು ಹುಟ್ಟಿದ ಕೂಸಿನ ಲೆಕ್ಕವೂ ಸೇರಿ.

ಇಂದು ಹಾರೋಹಳ್ಳಿಯಂಥ ಊರಿಗೆ ಹೊಸ ಪ್ರಶ್ನೆ ಬಂದಿದೆ. ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ಹುಡುಗರು ಬರುತ್ತಾರೆ, ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಜನ ಇರುತ್ತಾರೆ. ಶುಕ್ರವಾರ ಪಾಳಿಯ ನಡುವೆ ಓಡಿಬಂದು ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಜಮಾತಿನ ಪುಸ್ತಕದಲ್ಲಿರುವುದು ಮನೆಗಳ ಹೆಸರು. ಇವರಿಗೆ ಇಲ್ಲಿ ಮನೆಯಿಲ್ಲ. ಅವರಿಗಾಗಿ ಆ ಪುಸ್ತಕದಲ್ಲಿ ಒಂದು ಹೊಸ ಹಾಳೆ ತೆರೆಯಬೇಕಾಗಿದೆ. ಇನ್ನು ಭಾಷೆ. ಜುಮ್ಮಾದ ಪ್ರವಚನವಾದ ಖುತ್ಬಾ ಅರಬ್ಬಿಯಲ್ಲಿ. ಅದಕ್ಕೆ ಮುಂಚಿನ ಉಪದೇಶ, ಅಂದರೆ ಬಯಾನ್, ಹಳೇ ಮೈಸೂರಿನ ಹೆಚ್ಚಿನ ಮಸೀದಿಗಳಲ್ಲಿ ಉರ್ದುವಿನಲ್ಲಿ. ಮನೆಯಲ್ಲಿ ದಖನಿ ಆಡುವ, ಶಾಲೆಯಲ್ಲಿ ಕನ್ನಡ ಓದುವ ಮಕ್ಕಳಿಗೆ ಗ್ರಂಥದ ಉರ್ದು ಅರ್ಧ ಮಾತ್ರ ಕಿವಿಗೆ ಹತ್ತುತ್ತದೆ. ಕರಾವಳಿಯಲ್ಲಿ 1978ರಿಂದ 'ಸನ್ಮಾರ್ಗ' ವಾರಪತ್ರಿಕೆ ಈ ವಿಚಾರಗಳನ್ನು ಕನ್ನಡದಲ್ಲೇ ಹೇಳುತ್ತಿದೆ. ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವ, ಜಗಳವಾಡುವ, ಸಮಾಧಾನ ಮಾಡುವ ಭಾಷೆಯಲ್ಲೇ ಬಯಾನೂ ನಡೆಯಲಿ ಎನ್ನುವವನು ನಾನು.

ಹೆಂಗಸರ ಮಾತನ್ನು ಬಿಟ್ಟು ಈ ಮನೆಯ ಪರಿಚಯ ಪೂರ್ತಿಯಾಗದು. ಗಂಜಿಗೆ ಅಕ್ಕಿ ಆರಿಸುವವರು, ಬೇಸಿನ್ನಿನ ಮುಂದೆ ಎಳೆ ಹುಡುಕುವವರು ಅವರೇ; ಸಾಲಿನಲ್ಲಿ ನಿಲ್ಲಲು ಅವರಿಗೆ ಜಾಗವಿರುವ ಮಸೀದಿಗಳು ಕಡಿಮೆ. ಮಸೀದಿಯಲ್ಲಿ ನಮಾಜು ಮಾಡುವ ಹಕ್ಕು ಹೆಂಗಸರಿಗೂ ಇದೆ ಎಂದದ್ದಕ್ಕೆ ಹಾಸನದ ಲೇಖಕಿ ಬಾನು ಮುಷ್ತಾಕ್ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ಅವರ ಕತೆಗಳಲ್ಲಿ ಮುತವಲ್ಲಿಗಳೂ ಜಮಾತೂ ಬರುತ್ತವೆ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಆ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಹೆಂಗಸರಿಗೆ ಜಾಗ ಬೇಕು ಎಂದು ಈಗ ಕೆಲವು ಮಸೀದಿಗಳಲ್ಲಿ ಮಹಡಿಯೋ ಪರದೆಯಾಚೆಯ ಕೋಣೆಯೋ ಆಗುತ್ತಿದೆ. ಆದಷ್ಟು ಬೇಗ ಎಲ್ಲೆಡೆ ಆಗಲಿ.

ಸಾವಿನ ಹೊತ್ತಿಗೆ ಜಮಾತಿನ ಬಲ ಗೊತ್ತಾಗುತ್ತದೆ. ಮೈಕಿನಲ್ಲಿ ಹೆಸರು ಹೇಳಿದ ಕೂಡಲೇ ಒಬ್ಬ ಗುಂಡಿ ತೋಡುವವರನ್ನು ಕರೆಯಲು ಖಬರಸ್ತಾನಕ್ಕೆ ಹೊರಡುತ್ತಾನೆ, ಇನ್ನೊಬ್ಬ ಕಫನ್ ಬಟ್ಟೆ ತರುತ್ತಾನೆ, ಮಸೀದಿಯ ಮೂಲೆಯಲ್ಲಿರುವ, ಹೆಣ ಹೊರುವ ಡೋಲಾ ಹೊರಗೆ ಬರುತ್ತದೆ. ಸತ್ತವರಿಗಾಗಿ ಮಾಡುವ ಜನಾಜಾ ನಮಾಜು ಊರಿನ ಕೆಲವರಾದರೂ ಮಾಡಲೇಬೇಕಾದ ಕರ್ತವ್ಯ. ಯಾರೂ ಮಾಡದಿದ್ದರೆ ದೋಷ ಊರಿಗೆಲ್ಲ. ಬಡವನೋ ಸಾಹುಕಾರನೋ, ಗಂಡಸಿಗೆ ಮೂರು ತುಂಡು ಬಿಳಿ ಬಟ್ಟೆ, ಹೆಂಗಸಿಗೆ ಐದು. ಹೆಂಗಸಿನ ಮೈಯನ್ನು ಹೆಂಗಸರೇ ತೊಳೆಯಬೇಕು. ಅದನ್ನು ಬಲ್ಲ ಇಬ್ಬರೋ ಮೂವರೋ ಹಿರಿಯ ಹೆಂಗಸರು ಊರಲ್ಲಿರುತ್ತಾರೆ. ನಡುರಾತ್ರಿ ಬಾಗಿಲು ತಟ್ಟಿದರೂ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಡುತ್ತಾರೆ. ಚಂದಾ ಪುಸ್ತಕದಲ್ಲಿ, ಕಮಿಟಿಯ ಪಟ್ಟಿಯಲ್ಲಿ ಅವರ ಹೆಸರು ಕಾಣುವುದು ಅಪರೂಪ. ಬೆಚ್ಚನೆಯ ನೀರನ್ನು ಮೊಣಕೈಯಿಂದ ಮುಟ್ಟಿ ನೋಡುತ್ತಾರೆ, ಸತ್ತವಳಿಗೆ ಸುಡಬಾರದೆಂದು. ಬಲಗಡೆಯಿಂದ ತೊಳೆಯಲು ಶುರು ಮಾಡುತ್ತಾರೆ.