ದಿನದ ಟಿಕೆಟ್ ಬೇಡ, ಸಂಜೆಯ ದೀಪ ಸಾಕು

ಅಪ್ಪ-ಅಮ್ಮನ್ನ ಎಲ್ಲಾದ್ರೂ ಸುತ್ತಾಡಿಸಿಕೊಂಡು ಬರೋಣ ಅಂತ ಯಾವತ್ತಾದ್ರೂ ಥೀಮ್ ಪಾರ್ಕಿನ ವೆಬ್‌ಸೈಟ್ ತೆಗೆದಿದ್ದೀರಾ? ತೆಗೆದಿದ್ರೆ ಈ ಲೆಕ್ಕ ನಿಮಗೂ ಗೊತ್ತಿರುತ್ತೆ. ನಾಲ್ಕು ಜನ, ನಾಲ್ಕು ದಿನದ ಟಿಕೆಟ್. ಅದರಲ್ಲಿ ಇಬ್ಬರು ರೋಲರ್ ಕೋಸ್ಟರ್ ಹತ್ತಲ್ಲ, ನೀರಿಗೆ ಇಳಿಯಲ್ಲ. ಬೆಳಗ್ಗೆ ಹನ್ನೊಂದರಿಂದ ಸಂಜೆವರೆಗೂ ನಮ್ಮ ಬ್ಯಾಗು, ಚಪ್ಪಲಿ ಕಾಯ್ತಾ ಬೆಂಚಿನ ಮೇಲೆ ಕೂರ್ತಾರೆ. ಕತ್ತಲಾದ ಮೇಲೆ ಕಾರಂಜಿ, ಬಣ್ಣದ ದೀಪ, ಲೇಸರ್ ಶುರುವಾದಾಗಷ್ಟೇ ಅವರ ಮುಖ ಅರಳೋದು. ಅಂದ್ರೆ ಆ ಎರಡು ಟಿಕೆಟ್‌ಗೆ ಕೊಟ್ಟ ದುಡ್ಡೆಲ್ಲ ಆ ಅರ್ಧ-ಮುಕ್ಕಾಲು ಗಂಟೆಗೆ.

ನಮ್ಮದು ಚಿತ್ರದುರ್ಗದ ಹತ್ತಿರ ಭೀಮಸಮುದ್ರ. ಅಡಿಕೆ ಊರು. ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ, ಮಾಲು ಮಂಡಿಗೆ ಹೋಗೋವರೆಗೂ ಅಪ್ಪಾಜಿಗೆ ಪ್ರವಾಸದ ಮಾತೇ ಕೇಳಿಸಲ್ಲ. ಈಗ ಅವರಿಗೆ 66. ಎರಡೂ ಮಂಡಿ ನೋವು. ಅಮ್ಮನಿಗೆ ತಿರುಗೋದು ಏನು ಕಂಡ್ರೂ ತಲೆಸುತ್ತು. ಆದ್ರೆ ಬಣ್ಣದ ದೀಪ ಅಂದ್ರೆ ಇಬ್ಬರಿಗೂ ಈಗಲೂ ಮಕ್ಕಳ ಆಸೆ. ಹೋದ ವರ್ಷ ಮಾಲು ಹೋದಮೇಲೆ ನಾನೇ ಒಂದು ದೊಡ್ಡ ಪಾರ್ಕಿಗೆ ಫೋನ್ ಮಾಡಿ ಕೇಳಿದೆ, 'ಸಂಜೆ ಐದರ ಮೇಲೆ ಬಂದು ಷೋ ಮಾತ್ರ ನೋಡ್ಕೊಂಡು ಹೋಗೋಕೆ ಬೇರೆ ಟಿಕೆಟ್ ಇದೆಯಾ?' ಇಲ್ವಂತೆ. ಯಾವಾಗ ಬಂದ್ರೂ ದಿನದ ಟಿಕೆಟ್ಟೇ. ಆ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು, ಅವಳದೇನೂ ತಪ್ಪಿಲ್ಲ. ಅಪ್ಪಾಜಿಗೆ ಹೇಳಿದ್ರೆ, "ಹಂಗಾದ್ರೆ ಬಿಡಪ್ಪ, ಕೂರೋಕೆ ನಮ್ಮ ಕೆರೆ ಏರಿನೇ ಐತಲ್ಲ" ಅಂದ್ರು.

ಅವರ ಮಾತಿನಲ್ಲಿ ಒಂದು ಹಳೇ ಲೆಕ್ಕ ಇದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋದ್ರೆ ಜೈಂಟ್ ವೀಲ್ ಹತ್ತಿದವರು ದುಡ್ಡು ಕೊಡ್ತಾರೆ. ಕೆಳಗೆ ನಿಂತು ಕತ್ತೆತ್ತಿ ನೋಡೋ ಅಜ್ಜಿ ಹತ್ರ ಯಾರೂ ಏನೂ ಕೇಳಲ್ಲ. ಆಡೋದಕ್ಕೆ ಬೇರೆ ಲೆಕ್ಕ, ನೋಡೋದಕ್ಕೆ ಬೇರೆ ಲೆಕ್ಕ. ಮೋಜು ಅಂದ್ರೆ ಡಿಸ್ನಿಲ್ಯಾಂಡ್, ಅಲ್ವಾ? ಅದು ಕೂಡ ಶುರುವಾಗಿದ್ದು ಹೀಗೇ. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಬಾಗಿಲು ತೆರೆದಾಗ ದೊಡ್ಡವರಿಗೆ ಒಳಗೆ ಹೋಗೋಕೆ ಒಂದು ಡಾಲರ್, ಆಟಗಳಿಗೆ ಬೇರೆ ದುಡ್ಡು. ಆಮೇಲೆ ಕೂಪನ್ ಪುಸ್ತಕ ಬಂತು. ಎಲ್ಲ ಆಟಕ್ಕೂ ಒಂದೇ ಟಿಕೆಟ್ ಅನ್ನೋ ಪದ್ಧತಿ ಅಲ್ಲಿ ಪೂರ್ತಿ ಜಾರಿಗೆ ಬಂದಿದ್ದು 1982ರಲ್ಲಿ. ಇಪ್ಪತ್ತೇಳು ವರ್ಷ ಅಲ್ಲೂ ಜಾತ್ರೆ ಲೆಕ್ಕವೇ ನಡೀತು ಅನ್ನಿ.

ಹೊರಗಡೆ ಏನು ಮಾಡ್ತಾರೆ?

ಕೆಲವು ಕಡೆ ಈ ಸಮಸ್ಯೆಗೆ ನೇರವಾದ ಉತ್ತರ ಇದೆ. ಟೋಕಿಯೊ ಡಿಸ್ನಿಯಲ್ಲಿ ವಾರದ ದಿನಗಳಲ್ಲಿ ಸಂಜೆ 5ರ ನಂತರ ಒಳಗೆ ಹೋಗೋಕೆ ಕಡಿಮೆ ದರದ ಟಿಕೆಟ್ ಮಾರ್ತಾರೆ. ಆಫೀಸ್ ಮುಗಿಸಿ ಬರೋರಿಗೆ ಅಂತಲೇ ಮಾಡಿದ ಹಾಗಿದೆ. ಶನಿವಾರ, ಭಾನುವಾರ ಮತ್ತು ರಜಾದಿನಗಳಿಗೆ ಮಧ್ಯಾಹ್ನ 3ರ ನಂತರದ್ದು ಬೇರೆ. ಸಿಂಗಪುರದ ಸೆಂಟೋಸಾ ದ್ವೀಪದಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಪಾರ್ಕ್ ಇದ್ದರೂ, 'ವಿಂಗ್ಸ್ ಆಫ್ ಟೈಮ್' ಅನ್ನೋ ರಾತ್ರಿ ಷೋ ನಡೆಯೋದು ಅದರ ಹೊರಗೆ, ಸಮುದ್ರದ ದಂಡೆಯಲ್ಲಿ. 2014ರಲ್ಲಿ ಶುರುವಾದ ಈ ಷೋಗೆ ಪ್ರತ್ಯೇಕ ಟಿಕೆಟ್. ಪಾರ್ಕಿಗೆ ಕಾಲಿಡದೇ ಷೋ ಮಾತ್ರ ನೋಡಿ ಬರಬಹುದು.

ಫ್ಲಾರಿಡಾದಲ್ಲಿರೋ ನನ್ನ ಚಿಕ್ಕಪ್ಪನ ಮಗಳ ಉಪಾಯ ಇನ್ನೂ ಚೆನ್ನಾಗಿದೆ. ಅವಳ ಅತ್ತೆ-ಮಾವ ಇಲ್ಲಿಂದ ಹೋದಾಗ ಅವರನ್ನ ಮ್ಯಾಜಿಕ್ ಕಿಂಗ್‌ಡಮ್ ಒಳಗೆ ಕರ್ಕೊಂಡು ಹೋಗಲೇ ಇಲ್ಲ. ಪಾರ್ಕಿನ ಮುಂದೆ ಸೆವೆನ್ ಸೀಸ್ ಲಗೂನ್ ಅನ್ನೋ ದೊಡ್ಡ ಕೆರೆ ಇದೆ, ದಂಡೆಯಲ್ಲಿ ಡಿಸ್ನಿಯದೇ ಹೋಟೆಲ್‌ಗಳು. ಅದರಲ್ಲೊಂದರಲ್ಲಿ ರಾತ್ರಿ ಊಟಕ್ಕೆ ಟೇಬಲ್ ಬುಕ್ ಮಾಡಿ, ಊಟ ಆದ್ಮೇಲೆ ದಂಡೆಯಲ್ಲಿ ಕೂತು ಸಿಡಿಮದ್ದು ನೋಡಿದ್ರು. ಕೋಟೆ ಗೋಡೆ ಮೇಲೆ ಬೀಳೋ ಚಿತ್ರಗಳು ಅಷ್ಟು ದೂರಕ್ಕೆ ಕಾಣಲ್ಲ, ಆಕಾಶದಲ್ಲಿ ಆಗೋದೆಲ್ಲ ಕಾಣುತ್ತೆ. ಅದೇ ಕೆರೆ ಮೇಲೆ ದೀಪದ ತೆಪ್ಪಗಳ ಒಂದು ಮೆರವಣಿಗೆ 1971ರಲ್ಲೇ ಶುರುವಾಗಿತ್ತು, ದಂಡೆಯಲ್ಲಿ ಕೂತವರು ನೋಡಲಿ ಅಂತ. ನಮ್ಮ ತೆಪ್ಪೋತ್ಸವ ನೆನಪಾಗುತ್ತೆ.

ನಮ್ಮಲ್ಲಿ ಕೆಲವರು ಇನ್ನೊಂದು ದಾರಿ ಹೇಳ್ತಾರೆ: ಮಧ್ಯಾಹ್ನ ಬೇಗ ಹೊರಗೆ ಬರೋರ ಹತ್ರ ಕೈಪಟ್ಟಿ ಕಡಿಮೆ ದುಡ್ಡಿಗೆ ಇಸ್ಕೊಳ್ಳೋದು. ಅದು ಬೇಡ. ಗೇಟಲ್ಲಿ ಹಿಡಿದ್ರೆ ಅಪ್ಪ-ಅಮ್ಮನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತೆ.

ನಾವು ಹೋಗಿದ್ದು ಮೈಸೂರಿಗೆ

ಕರ್ನಾಟಕದಲ್ಲಿ ಸಂಜೆ ಷೋ ಮಾತ್ರ ನೋಡೋಕೆ ಹೇಳಿ ಮಾಡಿಸಿದ ಎರಡು ಜಾಗ ಮೈಸೂರಿನ ಆಸುಪಾಸಿನಲ್ಲೇ ಇವೆ. ಒಂದು ಕೆ.ಆರ್.ಎಸ್‌ನ ಬೃಂದಾವನ, ಇನ್ನೊಂದು ಅರಮನೆ. ಎರಡನ್ನೂ ಒಂದೇ ಸಂಜೆ ನೋಡೋಕೆ ಹೋಗಬೇಡಿ. ದೂರ 20 ಕಿ.ಮೀ. ಆಸುಪಾಸು ಇದ್ದರೂ ಎರಡೂ ಕಡೆ ದೀಪ ಹತ್ತೋದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಶನಿವಾರ ಕೆ.ಆರ್.ಎಸ್, ಭಾನುವಾರ ಅರಮನೆ. ಈ ಕ್ರಮ ಯಾಕೆ ಅಂತ ಮುಂದೆ ಹೇಳ್ತೀನಿ.

ನಮ್ಮ ಕಡೆಯಿಂದ ಹೋಗೋರಿಗೆ ಬೆಂಗಳೂರಿನ ಟ್ರಾಫಿಕ್ ಮುಟ್ಟೋದೇ ಬೇಡ. ಹೊಳಲ್ಕೆರೆ, ಹೊಸದುರ್ಗ, ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲ, ಪಾಂಡವಪುರ. ಪಾಂಡವಪುರದಿಂದ ಕೆ.ಆರ್.ಎಸ್ ಹತ್ತಿರವೇ. ಊಟ, ಕಾಫಿ ಎಲ್ಲ ಸೇರಿ ಐದಾರು ಗಂಟೆ. ಬೆಳಗ್ಗೆ ಒಂಬತ್ತಕ್ಕೆ ಹೊರಟ್ರೂ ಧಾರಾಳವಾಗಿ ಆಗುತ್ತೆ. ದಿನವಿಡೀ ಪಾರ್ಕಿನಲ್ಲಿ ಅಲೆಯೋದಿಲ್ವಲ್ಲ, ಇದರ ದೊಡ್ಡ ಲಾಭವೇ ಅದು.

ಅಣೆಕಟ್ಟು ಕಂಡ ಕೂಡಲೇ ಅಪ್ಪಾಜಿ ಹೋಲಿಕೆ ಶುರುಮಾಡಿದ್ರು. "ನಮ್ಮ ಮಾರಿಕಣಿವೆ ಇದಕ್ಕಿಂತ ಹಳೇದು ಕಣಪ್ಪ." ನಿಜ. ಹಿರಿಯೂರಿನ ವಾಣಿ ವಿಲಾಸ ಸಾಗರ 1907ರಲ್ಲೇ ಮುಗಿದಿತ್ತು, ಕೆ.ಆರ್.ಎಸ್ ಕೆಲಸ ಶುರುವಾಗಿದ್ದೇ 1911ರಲ್ಲಿ. 1933ರ ನಂತರ ಮಾರಿಕಣಿವೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಅವತ್ತು ಅಲ್ಲಿ ಸೇರಿದ ಜನ ನೋಡಿದವರಿಗೆ ಗೊತ್ತು, ನಮ್ಮ ಜಿಲ್ಲೆಯವರಿಗೆ ಹರಿಯೋ ನೀರೇ ಒಂದು ಷೋ.

ಬೃಂದಾವನದ ತೋಟ ಮಾತ್ರ ಬೇರೆಯದೇ ಕತೆ. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಇದನ್ನ ಮಾಡಿಸಿದ್ರು. ವಿನ್ಯಾಸ ಜರ್ಮನಿಯ ಸಸ್ಯಶಾಸ್ತ್ರಜ್ಞ ಕ್ರುಂಬಿಗಲ್ ಅವರದು, ಲಾಲ್‌ಬಾಗ್‌ನಲ್ಲೂ ಅವರ ಕೈ ಇದೆ. ಸುಮಾರು 60 ಎಕರೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ತೋಟ. ಇಲ್ಲಿ ಒಂದೇ ಪ್ರವೇಶ ಟಿಕೆಟ್. ಮಧ್ಯಾಹ್ನ ಬಂದ್ರೂ ಅಷ್ಟೇ, ಸಂಜೆ ಬಂದ್ರೂ ಅಷ್ಟೇ. ಪಾರ್ಕಿನ ದಿನದ ಟಿಕೆಟ್ ಮುಂದೆ ಅದೊಂದು ಚಿಲ್ಲರೆ.

ಆದ್ರೆ ಒಂದು ವಿಷಯ ಯಾರೂ ಮುಂಚೆ ಹೇಳಲ್ಲ. ಸಂಗೀತ ಕಾರಂಜಿ ಇರೋದು ಬಾಗಿಲ ಹತ್ರ ಅಲ್ಲ. ತೋಟ ಎರಡು ಭಾಗ, ನಡುವೆ ನೀರು. ಕಾರಂಜಿ ಇರೋದು ಆಚೆ, ಉತ್ತರದ ಕಡೆ. ಮಂಡಿ ನೋವಿರೋರಿಗೆ ಆ ನಡಿಗೆ ಸಣ್ಣದಲ್ಲ. ಕತ್ತಲಾಗೋಕೆ ಹತ್ತು ನಿಮಿಷ ಇದೆ ಅನ್ನುವಾಗ ಎಲ್ಲರೂ ಒಟ್ಟಿಗೇ ಆ ಕಡೆ ನುಗ್ತಾರೆ. ವಯಸ್ಸಾದವರನ್ನ ಆ ನೂಕಿನಲ್ಲಿ ನಡೆಸೋದು ಕಷ್ಟ. ನಾವು ನಾಲ್ಕೂವರೆಗೇ ಒಳಗೆ ಹೋದ್ವಿ. ಮೂರು ಕಡೆ ಕೂತು, ಮಂಡಕ್ಕಿ ತಿಂದು, ನಿಧಾನವಾಗಿ ದಾಟಿ, ಬೆಳಕಿರುವಾಗಲೇ ಕಾರಂಜಿ ಎದುರಿನ ಮೆಟ್ಟಿಲ ಮೇಲೆ ಅಂಚಿನ ಜಾಗ ಹಿಡಿದ್ವಿ. ಅಂಚಿನದ್ದೇ ಹಿಡೀರಿ, ನಡುವೆ ಕೂತ್ರೆ ಏಳೋಕೆ ಆಗಲ್ಲ. ಮುಗಿದ ಕೂಡಲೇ ಓಡಬೇಡಿ. ಕಾಲು ಗಂಟೆ ಸುಮ್ಮನೆ ಕೂತ್ರೆ ದಾರಿ ಖಾಲಿಯಾಗುತ್ತೆ, ದೀಪ ಹತ್ತಿದ ತೋಟವೂ ನಿಮ್ಮದಾಗುತ್ತೆ.

ಕಾರಂಜಿ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ಸಿನಿಮಾ ಹಾಡಿಗೆ ಕುಣಿಯೋ ನೀರಿಗಿಂತ ವಾಪಸ್ ಬರುವಾಗ ಕಾಣೋ, ಸುಮ್ಮನೆ ಬಣ್ಣ ಹಚ್ಚಿಕೊಂಡು ಮೆಟ್ಟಿಲಿಳಿಯೋ ನೀರು ಚಂದ. ಅಮ್ಮ ಒಪ್ಪಲ್ಲ. ಅವಳು ಒಂದು ಹಾಡಿಗೆ ಚಪ್ಪಾಳೆ ಕೂಡ ಹೊಡೆದಳು. ನನಗೆ ತಿಳಿದ ಮಟ್ಟಿಗೆ ಮನೆ ಹೊರಗೆ ಅವಳು ಜೋರಾಗಿ ಚಪ್ಪಾಳೆ ಹೊಡೆದಿದ್ದು ಅದೇ ಮೊದಲು.

ಈಗ ಅರಮನೆ. ಹಗಲು ಒಳಗೆ ನೋಡೋಕೆ ಟಿಕೆಟ್ ಬೇಕು, ಚಪ್ಪಲಿ ಬಿಡಬೇಕು, ಸಾಲಿನಲ್ಲಿ ನಡೀಬೇಕು. ಸಂಜೆಯದು ಬೇರೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ 7ರಿಂದ 7.45ರವರೆಗೆ ದೀಪಾಲಂಕಾರ. ಅದನ್ನ ನೋಡೋಕೆ ಆವರಣದೊಳಗೆ ಬರೋರಿಗೆ ಟಿಕೆಟ್ ಇಲ್ಲ. ಕ್ರಮ ಶನಿವಾರ ಕೆ.ಆರ್.ಎಸ್, ಭಾನುವಾರ ಅರಮನೆ ಅಂದಿದ್ದು ಇದಕ್ಕೇ. ಉಳಿದ ದಿನ ಧ್ವನಿ-ಬೆಳಕಿನ ಕಾರ್ಯಕ್ರಮ ಇರುತ್ತೆ, ಅದಕ್ಕೆ ದುಡ್ಡು ಕೊಡಬೇಕು. ಕೊನೆಗೆ ಕೆಲವು ನಿಮಿಷ ಪೂರ್ತಿ ದೀಪ ಹಾಕ್ತಾರೆ. ದಸರಾ ದಿನಗಳಲ್ಲಿ ಪ್ರತಿ ಸಂಜೆ ದೀಪ ಇರುತ್ತೆ, ಆದ್ರೆ ಆಗಿನ ಜನಸಂದಣಿಗೆ ಮಂಡಿ ನೋವಿನವರನ್ನ ನಾನಂತೂ ಕರ್ಕೊಂಡು ಹೋಗಲ್ಲ.

ಈ ಅರಮನೆ ಕಟ್ಟೋಕೆ ಶುರುಮಾಡಿದ್ದು 1897ರಲ್ಲಿ, ಹಳೇ ಮರದ ಅರಮನೆ ಬೆಂಕಿಗೆ ಸುಟ್ಟ ಮೇಲೆ. 1912ರಲ್ಲಿ ಮುಗೀತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಬಲ್ಬುಗಳು ಒಂದು ಲಕ್ಷದ ಹತ್ತಿರ ಇವೆ. ಕತ್ತಲಲ್ಲಿ ಕಪ್ಪಗೆ ನಿಂತಿದ್ದ ಕಟ್ಟಡ ಏಳಕ್ಕೆ ಒಮ್ಮೆಲೇ ಹೊತ್ತಿಕೊಂಡಾಗ ಸುತ್ತ ಇದ್ದ ಸಾವಿರಾರು ಜನ ಒಟ್ಟಿಗೆ 'ಓ' ಅಂದ್ರು. ಅಪ್ಪಾಜಿ ಮಾತ್ರ, "ಕರೆಂಟ್ ಬಿಲ್ ಎಷ್ಟು ಬರಬಹುದು?" ಅಂದ್ರು. ಆಮೇಲೆ ಪೂರ್ತಿ ಮುಕ್ಕಾಲು ಗಂಟೆ ಅವರು ಬೇರೇನೂ ಮಾತಾಡಲಿಲ್ಲ. ಕಾಲು ನೋವು ಅಂತಲೂ ಹೇಳಲಿಲ್ಲ.

ದಾವಣಗೆರೆ, ಹೊಸಪೇಟೆ ಕಡೆಯವರಿಗೆ ಮೈಸೂರು ದೂರ ಅನ್ನಿಸಿದ್ರೆ ಆಲಮಟ್ಟಿ ಇದೆ. ಅಲ್ಲೂ ಅಣೆಕಟ್ಟಿನ ಪಕ್ಕ ತೋಟ, ಸಂಗೀತ ಕಾರಂಜಿ, ಲೇಸರ್.

ಒಂದು ಗಾಬರಿ ಇದೆ

ಬೃಂದಾವನವನ್ನ ಡಿಸ್ನಿಲ್ಯಾಂಡ್ ಮಾದರಿ ಮಾಡ್ತೀವಿ ಅನ್ನೋ ಮಾತು ನೀವೂ ಕೇಳಿರ್ತೀರಿ. 2018ರಲ್ಲಿ ಆಗಿನ ಜಲಸಂಪನ್ಮೂಲ ಸಚಿವ ಡಿ.ಕೆ. ಶಿವಕುಮಾರ್ ಕಾವೇರಿ ಮಾತೆಯ ದೊಡ್ಡ ಪ್ರತಿಮೆಯ ಜೊತೆ ಇದನ್ನ ಪ್ರಕಟಿಸಿದ್ರು. 2024ರಲ್ಲಿ ರಾಜ್ಯ ಸಚಿವ ಸಂಪುಟ 2,600 ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರ ಮತ್ತು ಖಾಸಗಿಯವರು ಸೇರಿ ಮಾಡೋದು. ಅಣೆಕಟ್ಟಿನ ಸುರಕ್ಷತೆ ಏನಾಗುತ್ತೆ ಅಂತ ರೈತ ಸಂಘಟನೆಗಳು ವಿರೋಧ ಮಾಡಿವೆ, ಅದು ದೊಡ್ಡ ಪ್ರಶ್ನೆ, ಅದರ ತೂಕವೇ ಬೇರೆ. ನನ್ನದು ಚಿಕ್ಕದು. ಹಾಕಿದ ದುಡ್ಡು ವಾಪಸ್ ಬರಬೇಕಾದ್ರೆ ಖಾಸಗಿಯವರಿಗೆ ಸುಲಭದ ದಾರಿ ದಿನದ ಟಿಕೆಟ್. ಆಗ ಕಾರಂಜಿಯೂ ಅದರೊಳಗೆ ಸೇರಿಹೋದ್ರೆ? ಇವತ್ತು ಬಸ್ಸಿನಲ್ಲಿ ಬಂದು, ಚೀಲದಲ್ಲಿ ಚಿತ್ರಾನ್ನ ತಂದು, ದೀಪ ನೋಡಿ ವಾಪಸ್ ಹೋಗೋ ಕುಟುಂಬಗಳೇ ಆ ಮೆಟ್ಟಿಲ ಮೇಲೆ ಹೆಚ್ಚು. ನಮ್ಮ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಮೊಮ್ಮಗನಿಗೆ ಹೇಳ್ತಿದ್ರು, ಮದುವೆಯಾದ ಹೊಸತರಲ್ಲಿ ಇದೇ ಜಾಗಕ್ಕೆ ಬಂದಿದ್ದೆ ಅಂತ.

ಹೊಸ ಆಟಗಳು ಬರಲಿ, ಬೇಡ ಅನ್ನಲ್ಲ. ನಾನೂ ಹತ್ತೋನೇ. ಆದ್ರೆ ಸಂಜೆಗೆ ಅಂತ ಒಂದು ಬೇರೆ ಗೇಟು, ಬೇರೆ ಟಿಕೆಟ್ ಕರಾರಿನಲ್ಲೇ ಬರೆದಿರಲಿ. ಟೋಕಿಯೊದಲ್ಲಿ ಆಗೋದು ಇಲ್ಲೂ ಆಗುತ್ತೆ. ಉತ್ತರದ ಕಡೆಗೆ ವಯಸ್ಸಾದವರನ್ನ ಕರ್ಕೊಂಡು ಹೋಗೋಕೆ ಬ್ಯಾಟರಿ ಗಾಡಿಯನ್ನೂ ಅದೇ ಕರಾರಿಗೆ ಸೇರಿಸಿದ್ರೆ ಇನ್ನೂ ಒಳ್ಳೇದು.

ಈಗ ಹೊರಡೋರಿಗೆ ಕೊನೆಯ ಮಾತು. ಕೆ.ಆರ್.ಎಸ್‌ನಲ್ಲಿ ಕಾರಂಜಿ ಹೊತ್ತು ವಾರದ ದಿನಕ್ಕೊಂದು, ಶನಿವಾರ-ಭಾನುವಾರಕ್ಕೊಂದು. ಹೊರಡೋ ದಿನ ಫೋನ್ ಮಾಡಿ ಕೇಳ್ಕೊಳ್ಳಿ. ಯಾವುದೇ ಖಾಸಗಿ ಪಾರ್ಕಿಗೆ ಹೋಗೋದಾದ್ರೂ ಬುಕ್ ಮಾಡೋ ಮೊದಲು ಎರಡು ಪ್ರಶ್ನೆ ಕೇಳಿ: ಸಂಜೆ ಟಿಕೆಟ್ ಇದೆಯಾ, ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆಯಾ. ಮತ್ತೆ ಕಾರಂಜಿ ಹತ್ರ ಗಾಳಿ ತಿರುಗಿದ್ರೆ ಮೈಯೆಲ್ಲ ತುಂತುರು. ಅಮ್ಮನಿಗೊಂದು ಶಾಲು ಇಟ್ಕೊಂಡಿರಿ.