ಬಾಯಿ ಮೊದಲೋ, ಕಣ್ಣು ಮೊದಲೋ?

ಮನೆಯಲ್ಲಿ ಸತ್ಯವೇದ ಇರುವವರು ‘ಪ್ರಲಾಪಗಳು’ ಎಂಬ ಪುಸ್ತಕ ತೆರೆದು, ಓದುವುದು ಆಮೇಲಿರಲಿ, ವಾಕ್ಯಗಳ ಸಂಖ್ಯೆಯನ್ನಷ್ಟು ನೋಡಿ. ಹಳೆಯ ಒಡಂಬಡಿಕೆಯಲ್ಲಿ ಯೆರೆಮೀಯನ ಬೆನ್ನಿಗೇ ಬರುವ ಪುಟ್ಟ ಪುಸ್ತಕ ಅದು, ಐದೇ ಅಧ್ಯಾಯ. ಮೊದಲನೆಯದರಲ್ಲಿ 22 ವಾಕ್ಯ, ಎರಡನೆಯದರಲ್ಲಿ 22, ಮೂರನೆಯದರಲ್ಲಿ 66, ಕೊನೆಯ ಎರಡರಲ್ಲಿ ಮತ್ತೆ 22, 22. ಗೋಳಾಟಕ್ಕೂ ಇಷ್ಟು ಕರಾರುವಾಕ್ಕಾದ ಲೆಕ್ಕವೇ?

ಲೆಕ್ಕ ಹಿಬ್ರೂ ವರ್ಣಮಾಲೆಯದು. ಅದರಲ್ಲಿ 22 ಅಕ್ಷರ. ಮೊದಲ ಪದ್ಯ ಆಲೆಫ್‌ನಿಂದ, ಎರಡನೆಯದು ಬೇತ್‌ನಿಂದ, ಮೂರನೆಯದು ಗಿಮೆಲ್‌ನಿಂದ, ಹೀಗೆ ತಾವ್‌ವರೆಗೆ. ಮೂರನೆಯ ಅಧ್ಯಾಯದಲ್ಲಿ ಒಂದೊಂದು ಅಕ್ಷರಕ್ಕೂ ಮೂರು ಮೂರು ಸಾಲು, ಅದಕ್ಕೇ 66. ಐದನೆಯದು ಮಾತ್ರ ಅಕ್ಷರದ ನಿಯಮ ಬಿಟ್ಟು ಬರೀ ಸಂಖ್ಯೆಯನ್ನು ಉಳಿಸಿಕೊಂಡಿದೆ.

ಇದನ್ನು ನನಗೆ ತೋರಿಸಿಕೊಟ್ಟವರು ಪಾದ್ರಿಯೂ ಅಲ್ಲ, ಪ್ರೊಫೆಸರೂ ಅಲ್ಲ. ಹೊಸಮನೆಯ ಒಬ್ಬ ನಿವೃತ್ತ ಕಾರ್ಮಿಕರು. ನಮ್ಮ ಕಡೆ ಹೊಸಮನೆ ಎಂದ ಕೂಡಲೇ ‘ಶಿವಮೊಗ್ಗದ್ದಾ, ಭದ್ರಾವತಿದಾ?’ ಎಂದು ಕೇಳುತ್ತಾರೆ. ಇದು ಭದ್ರಾವತಿಯದು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಇವೆರಡರ ಕೆಲಸ ಹುಡುಕಿಕೊಂಡು ತಮಿಳರು, ಮಲೆಯಾಳಿಗಳು, ತೆಲುಗರು ಬಂದು ಕನ್ನಡದವರಾದ ಊರು. ನಮ್ಮ ಹಿರಿಯರು ಕಾಗದದ ಕಡೆಯವರು. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಕುವುದಿಲ್ಲ.

ನಾನು ಹೋದದ್ದು ಬೇರೆಯೇ ಕಾರಣಕ್ಕೆ. ಅವರ ಮನೆಯಲ್ಲಿ ಇನ್ನೂರು ವರ್ಷದ ಕನ್ನಡ ಬೈಬಲ್ ಇದೆ ಎಂದು ಪರಿಚಯದವರೊಬ್ಬರು ಹೇಳಿದ್ದರು. ಪುಸ್ತಕಕ್ಕೆ ರಟ್ಟಿಲ್ಲ, ಮೊದಲ ಹಾಳೆಗಳೂ ಇಲ್ಲ. ಹಿರಿಯರು ಒಂದು ಪುಟದ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ‘ಇನ್ನೂರು ವರ್ಷ ಎಲ್ಲಿಂದ ಬಂತು ಸಾರ್? ಇದು ಮೆಷಿನ್ ಕಾಗದ. ಕೈಕಾಗದ ಆಗಿದ್ರೆ ಎಳೆ ಹೀಗೆ ಒಂದೇ ಕಡೆ ಮಲಗಿರ್ತಿರಲಿಲ್ಲ’ ಎಂದು ನನ್ನ ಸುದ್ದಿಯನ್ನು ಅಲ್ಲಿಗೇ ಮುಗಿಸಿದರು. ಅಷ್ಟರಲ್ಲಿ ಪುಟದಂಚಿನ ಪೆನ್ಸಿಲ್ ಗುರುತುಗಳು ನನ್ನ ಕಣ್ಣಿಗೆ ಬಿದ್ದವು.

ಚೌಕಾಕಾರದ ಅಕ್ಷರಗಳು, ಒಂದರ ಕೆಳಗೊಂದು. ನೂರಹತ್ತೊಂಬತ್ತನೆಯ ಕೀರ್ತನೆಯ ಉದ್ದಕ್ಕೂ ಎಂಟೆಂಟು ವಾಕ್ಯಕ್ಕೊಂದರಂತೆ ಇದ್ದವು. ಅದು ಬೈಬಲಿನಲ್ಲೇ ಅತಿ ಉದ್ದದ ಅಧ್ಯಾಯ: ಅಕ್ಷರಕ್ಕೆ ಎಂಟು ವಾಕ್ಯದಂತೆ 22 ಅಕ್ಷರಕ್ಕೆ 176 ವಾಕ್ಯ. ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನಲ್ಲಿ ಈ ಕೀರ್ತನೆಯ ಭಾಗಗಳ ಮೇಲೆ ‘ಆಲೆಫ್’, ‘ಬೇತ್’ ಎಂದು ಅಚ್ಚಾಗಿರುವುದನ್ನು ಕಂಡು, ಇದೇನು ಎಂದು ಕೆದಕಲು ಹೋದದ್ದೇ ಅವರ ಹಿಬ್ರೂ ಕಲಿಕೆಯ ಆರಂಭವಂತೆ. ಎರವಲು ತಂದ ಬೈಬಲ್ ನಿಘಂಟಿನಲ್ಲಿದ್ದ ಅಕ್ಷರಪಟ್ಟಿಯನ್ನು ಡ್ಯೂಟಿ ಡೈರಿಯ ಹಿಂದಿನ ಹಾಳೆಗೆ ನಕಲು ಮಾಡಿಕೊಂಡು ನೈಟ್ ಶಿಫ್ಟಿನಲ್ಲಿ ತಿದ್ದಿದ್ದಾರೆ. ಭಾಷೆ ಬರುವುದಿಲ್ಲ, ಅಕ್ಷರ ಮಾತ್ರ ಬರುತ್ತದೆ. ‘ಕಾಗುಣಿತ ಇಲ್ಲದ ಬರಹ ಇದು, ಸ್ವರ ನಾವೇ ಹಾಕ್ಕೋಬೇಕು’ ಎನ್ನುತ್ತಾರೆ. ಸರಿಯಾದ ಮಾತು. ಪ್ರಾಚೀನ ಹಿಬ್ರೂ ಬರಹದಲ್ಲಿ ಇದ್ದದ್ದೆಲ್ಲ ವ್ಯಂಜನವೇ. ಅಕ್ಷರದ ಕೆಳಗೆ ಮೇಲೆ ಚುಕ್ಕೆ ಗೀಟು ಹಾಕಿ ಸ್ವರ ಗುರುತಿಸುವ ಪದ್ಧತಿಯನ್ನು ಗಟ್ಟಿ ಮಾಡಿದವರು ತಿಬೇರಿಯ ಊರಿನ ಪಂಡಿತರು, ಕ್ರಿಸ್ತಶಕದ ಮೊದಲ ಸಾವಿರ ವರ್ಷ ಮುಗಿಯುತ್ತ ಬಂದಾಗ. ಇಂದು ಇಡಿಯಾಗಿ ಉಳಿದಿರುವ ಅತ್ಯಂತ ಹಳೆಯ ಹಿಬ್ರೂ ಬೈಬಲ್ ಪ್ರತಿ ‘ಲೆನಿನ್‌ಗ್ರಾಡ್ ಕೋಡೆಕ್ಸ್’ 1008ರದ್ದು. ಆ ಹೊತ್ತಿಗೆ ನಮ್ಮ ಪಂಪ, ರನ್ನರ ಕಾವ್ಯಗಳೆಲ್ಲ ಆಗಿಹೋಗಿದ್ದವು.

ಪ್ರಲಾಪಗಳ ಹಿನ್ನೆಲೆ ಓದುಗರಿಗೆ ಹೊಸದಲ್ಲ. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬೆಲಿನ ನೆಬೂಕದ್ನೆಚ್ಚರನ ಸೇನೆ ಯೆರೂಸಲೇಮನ್ನು ಸುಟ್ಟಿತು, ದೇವಾಲಯ ಉರುಳಿತು, ಜನ ಸೆರೆಹೋದರು. ಹಾಳಾದ ನಗರವನ್ನು ಹೆಣ್ಣಾಗಿ ಕಲ್ಪಿಸಿ ಅಳುವ ಹಾಡುಗಳು ಇವು. ಯೆಹೂದ್ಯರು ಇಂದಿಗೂ ಆವ್ ಮಾಸದ ಒಂಬತ್ತರಂದು ಉಪವಾಸವಿದ್ದು, ನೆಲದ ಮೇಲೆ ಕೂತು ಇವನ್ನು ಓದುತ್ತಾರೆ. ಬರೆದವನು ಯೆರೆಮೀಯ ಎಂಬುದು ಪರಂಪರೆ. ಹಾಗೇನೂ ಇರಲಾರದು ಎನ್ನುವುದು ಬಹುತೇಕ ವಿದ್ವಾಂಸರ ಮತ. ನನಗೂ ಎರಡನೆಯದೇ ಸರಿ ಕಾಣುತ್ತದೆ. ಅದಕ್ಕೆ ಕಾರಣ ಹಿರಿಯರು ಆ ದಿನ ತೋರಿಸಿದ ಒಂದು ಚೂರು ಗುರುತು.

ಎರಡನೆಯ ಅಧ್ಯಾಯದ ಹದಿನಾರನೆಯ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಒಂದು ಬಾಣ, ಪ್ರಶ್ನಾರ್ಥಕ ಚಿಹ್ನೆ. ಹಿಬ್ರೂ ಪಟ್ಟಿಯಲ್ಲಿ ಹದಿನಾರನೆಯ ಅಕ್ಷರ ಅಯಿನ್, ಹದಿನೇಳನೆಯದು ಪೇ. ಮೊದಲ ಅಧ್ಯಾಯದಲ್ಲಿ ಈ ಕ್ರಮವೇ ಇದೆ. ಆದರೆ ಎರಡು, ಮೂರು, ನಾಲ್ಕನೆಯ ಅಧ್ಯಾಯಗಳಲ್ಲಿ ಪೇ ಮೊದಲು, ಆಮೇಲೆ ಅಯಿನ್! ‘ಬರೆದೋನು ಮರೆತನಾ? ಒಂದ್ಸಲ ಮರೀಬಹುದು, ಮೂರು ಸಲ ಮರೀತಾನಾ?’ ಎನ್ನುವುದು ಹಿರಿಯರ ತಕರಾರು.

ಈ ತಕರಾರು ನನ್ನ ತಲೆಯನ್ನೂ ಹೊಕ್ಕಿತು. ಊರಿಗೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಯೆಹೂದ್ಯ ಗುರುಗಳೂ ಇದನ್ನು ಕಂಡು ತಲೆಕೆಡಿಸಿಕೊಂಡವರೇ. ಪೇ ಎಂದರೆ ಬಾಯಿ, ಅಯಿನ್ ಎಂದರೆ ಕಣ್ಣು. ಕಾನಾನ್ ದೇಶ ನೋಡಿಬರಲು ಮೋಶೆ ಕಳುಹಿಸಿದ ಹನ್ನೆರಡು ಮಂದಿ ಗೂಢಚಾರರ ಕಥೆ ಅರಣ್ಯಕಾಂಡದಲ್ಲಿದೆಯಲ್ಲ, ಅವರು ಕಣ್ಣು ಕಾಣದ್ದನ್ನು ಬಾಯಿಂದ ಆಡಿ ಜನರನ್ನು ಕೆಡಿಸಿದರು. ಅದಕ್ಕೇ ಇಲ್ಲಿ ಕಣ್ಣಿಗಿಂತ ಬಾಯಿ ಮುಂದೆ ಬಂದಿದೆ ಎಂಬ ವಿವರಣೆ ತಾಲ್ಮುದ್‌ನಲ್ಲಿದೆ. ದೇವಾಲಯ ಬಿದ್ದ ಶೋಕಕ್ಕೂ ಆ ಗೂಢಚಾರರ ಮಾತು ಕೇಳಿ ಜನ ಅತ್ತ ರಾತ್ರಿಗೂ ಒಂದೇ ತಿಥಿ ಎಂದು ಪರಂಪರೆ ನಂಬುವುದರಿಂದ ಈ ಕಥೆ ಇನ್ನಷ್ಟು ಚಂದ ಕೂಡುತ್ತದೆ. ಹರಿಕಥೆ ದಾಸರು ಕೇಳಿದ್ದರೆ ಕುಣಿದಾಡುತ್ತಿದ್ದರು. ಆದರೆ ಚಂದ ಕೂಡಿದ್ದೆಲ್ಲ ನಿಜವಾಗಬೇಕಿಲ್ಲ.

1976ರಲ್ಲಿ ಇಸ್ರೇಲಿನ ಇಜ್ಬೆತ್ ಸರ್ತಾ ಎಂಬ ಹಾಳು ಹಳ್ಳಿಯಲ್ಲಿ ಒಂದು ಮಡಕೆಚೂರು ಸಿಕ್ಕಿತು. ಕಾಲ ಕ್ರಿಸ್ತಪೂರ್ವ ಹನ್ನೊಂದನೆಯ ಶತಮಾನದ ಆಸುಪಾಸು. ಐದು ಸಾಲು ಬರಹ, ಮೊದಲ ನಾಲ್ಕರಿಂದ ಒಪ್ಪುವ ಅರ್ಥ ಯಾರಿಗೂ ಹೊರಟಿಲ್ಲ. ಐದನೆಯದು ವರ್ಣಮಾಲೆ, ಅದೂ ಎಡದಿಂದ ಬಲಕ್ಕೆ, ತಪ್ಪುತಡೆಗಳೊಂದಿಗೆ. ಯಾರೋ ಕಲಿಯುವವನು ಸ್ಲೇಟಿನ ಮೇಲೆ ತಿದ್ದಿದಂತಿದೆ. ಅದರಲ್ಲಿ ಪೇ ಮೊದಲು, ಅಯಿನ್ ಆಮೇಲೆ! ಸಿನಾಯಿ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್ ಎಂಬಲ್ಲಿ ಕ್ರಿಸ್ತಪೂರ್ವ 800ರ ಸುಮಾರಿನ ದೊಡ್ಡ ಗುಡಾಣವೊಂದರ ಮೇಲೆ ಗೀಚಿದ ವರ್ಣಮಾಲೆಗಳಲ್ಲೂ ಅದೇ ಕ್ರಮ. ಮೃತಸಮುದ್ರದ ಗುಹೆಗಳಲ್ಲಿ ಸಿಕ್ಕ ಸುರುಳಿಗಳ ಪೈಕಿ ಪ್ರಲಾಪಗಳ ಒಂದು ತುಣುಕಿದೆ. ಅದರಲ್ಲಿ ಮೊದಲ ಅಧ್ಯಾಯದಲ್ಲೂ ಪೇ ಪದ್ಯವೇ ಮುಂದೆ. ನಾವು ಇಂದು 16, 17 ಎಂದು ಓದುವುದು ಅಲ್ಲಿ 17, 16. ಜ್ಞಾನೋಕ್ತಿಗಳ ಕೊನೆಯಲ್ಲಿ ಗುಣವತಿಯಾದ ಗೃಹಿಣಿಯ ವರ್ಣನೆ ಬರುತ್ತದಲ್ಲ, ಅದೂ ಅಕ್ಷರಮಾಲೆಯ ಪದ್ಯವೇ. ಅದರ ಹಳೆಯ ಗ್ರೀಕ್ ಅನುವಾದದಲ್ಲೂ ಇದೇ ಪಲ್ಲಟ.

ಎಂದರೆ ಕವಿ ಮರೆತದ್ದಲ್ಲ. ಅವನು ಮಗುವಾಗಿದ್ದಾಗ ಕಲಿತ ಕ್ರಮವೇ ಅದು. ಒಂದು ಕಾಲಕ್ಕೆ ಎರಡು ಕ್ರಮ ಜೊತೆಗೇ ಚಾಲ್ತಿಯಲ್ಲಿದ್ದು, ಕೊನೆಗೆ ಒಂದು ಗೆದ್ದಿದೆ. ಗೆದ್ದ ಕ್ರಮದವರು ಪ್ರತಿ ಮಾಡುವಾಗ ಮೊದಲ ಅಧ್ಯಾಯವನ್ನು ತಿದ್ದಿ ಉಳಿದ ಮೂರನ್ನು ಹಾಗೇ ಬಿಟ್ಟರೋ, ಅಥವಾ ಆ ಅಧ್ಯಾಯ ಬೇರೆ ಪಾಠಶಾಲೆಯವನದೋ, ವಿದ್ವಾಂಸರು ಜಗಳವಾಡಲಿ. ಇಡೀ ಪುಸ್ತಕ ಒಬ್ಬ ಪ್ರವಾದಿಯ ಒಂದೇ ಕೈಬರಹ ಎಂಬ ಮಾತನ್ನು ಮಾತ್ರ ಈ ಎರಡು ಅಕ್ಷರ ಅಲ್ಲಾಡಿಸುತ್ತವೆ. ವೇದದಲ್ಲಿ ಗುಪ್ತ ಸಂಖ್ಯೆ, ಅಕ್ಷರ ಎಣಿಸಿದರೆ ಭವಿಷ್ಯ, ಸೊಲೊಮೋನನ ಹಡಗು ನಮ್ಮ ಕರಾವಳಿಗೇ ಬಂದಿತ್ತು ಎಂದೆಲ್ಲ ವಾಟ್ಸಾಪಿನಲ್ಲಿ ಬರುವುದನ್ನು ನಾನು ತೆರೆಯುವುದೂ ಇಲ್ಲ. ಈ ಮಡಕೆಚೂರು ಅಂಥದ್ದಲ್ಲ.

ಇನ್ನೊಂದನ್ನು ಹೇಳಿ ಮುಂದೆ ಹೋಗುತ್ತೇನೆ. ನೂರನಲವತ್ತೈದನೆಯ ಕೀರ್ತನೆಯೂ ಅಕ್ಷರಮಾಲೆಯದೇ, ಆದರೆ ಅದರಲ್ಲಿ 21 ವಾಕ್ಯ. ನೂನ್ ಅಕ್ಷರದ ಪದ್ಯ ಇಲ್ಲ. ಇಸ್ರಾಯೇಲು ಬಿತ್ತು ಎನ್ನುವ ಆಮೋಸನ ಪ್ರವಾದನೆ ನೂನ್‌ನಿಂದ ಶುರುವಾಗುತ್ತದೆ, ಆ ಅಪಶಕುನ ಬೇಡವೆಂದು ದಾವೀದ ಅದನ್ನು ಬಿಟ್ಟ ಎಂದು ತಾಲ್ಮುದ್ ಸಮಾಧಾನ ಹೇಳಿತ್ತು. 1956ರಲ್ಲಿ ಮೃತಸಮುದ್ರದ ಹನ್ನೊಂದನೆಯ ಗುಹೆಯಲ್ಲಿ ಸಿಕ್ಕ ಕೀರ್ತನೆಗಳ ಸುರುಳಿಯನ್ನು ಬಿಚ್ಚಿ ನೋಡಿದರೆ ನೂನ್ ಪದ್ಯ ಅಲ್ಲಿತ್ತು. ಹಳೆಯ ಗ್ರೀಕ್ ಅನುವಾದದಲ್ಲಂತೂ ಅದು ಮೊದಲಿಂದ ಇದ್ದೇ ಇತ್ತು. ಇದನ್ನು ನಾನು ಫೋನಿನಲ್ಲಿ ಹೇಳಿದಾಗ ಹಿರಿಯರು, ‘ನನ್ ಪುಸ್ತಕದಲ್ಲಿ ಹದಿಮೂರರ ಪಕ್ಕ ಜಾಗ ಇದೆ, ಬರ್ಕೋತೀನಿ ಇರಿ’ ಎಂದರು.

ಇಷ್ಟೆಲ್ಲ ಕಸರತ್ತು ಕನ್ನಡಕ್ಕೆ ಬರುವಾಗ ಏನಾಯಿತು? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಡೀ ಬೈಬಲ್ ಕನ್ನಡದಲ್ಲಿ ಕೈಗೆ ಬರಲು 1831ರ ಸುಮಾರಾಯಿತು. ಆ ಕೆಲಸದಲ್ಲಿ ಹೆಗಲು ಕೊಟ್ಟ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ಕೋಶವನ್ನೂ ಮಾಡಿದವನು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಕೂತು ತಿದ್ದಿದರು. ವಾಕ್ಯಸಂಖ್ಯೆಗಳು ಹಿಬ್ರೂವಿನ ಪ್ರಕಾರವೇ ಬಂದಿದ್ದರಿಂದ ಎಣಿಕೆ ಉಳಿಯಿತು, ಅಕ್ಷರ ಹೋಯಿತು. ಗದ್ಯದಲ್ಲಿ ಅನುವಾದಿಸಿದವರನ್ನು ದೂರುವಂತಿಲ್ಲ. ಅವರಿಗೆ ಅರ್ಥ ಮುಟ್ಟಿಸುವುದೇ ದೊಡ್ಡ ಪಾಡಾಗಿತ್ತು. ಆದರೂ ಒಂದು ಹಳಹಳಿ ನನಗಿದೆ. 1853ರಲ್ಲಿ ಬಂದ ಕಿಟೆಲ್ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು 1862ರಲ್ಲಿ ಬರೆದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ನಮ್ಮ ಕವಿಗಳಿಗೆ ಸಾಲಿನ ಎರಡನೆಯ ಅಕ್ಷರದ ಪ್ರಾಸದ ಮೇಲೆ ಎಂಥ ಹಟ ಇತ್ತು ಎಂಬುದು ಅವರಷ್ಟು ಗೊತ್ತಿದ್ದ ಪರದೇಶಿ ಮತ್ತೊಬ್ಬನಿಲ್ಲ. ಮೊದಲ ಅಕ್ಷರದ ಮೇಲೆ ಹಟ ಹಿಡಿದ ಹಿಬ್ರೂ ಕವಿಯನ್ನು ಆ ಎರಡನೆಯ ಅಕ್ಷರದ ಹಟದವರ ಜೊತೆ ಕೂರಿಸುವ ಯೋಗ್ಯತೆ ಇದ್ದ ಮನುಷ್ಯ ಅವರೇ.

ಬೇರೆ ಕಡೆ ಪ್ರಯತ್ನ ನಡೆದಿದೆ. ಜೆರೋಮನ ಲ್ಯಾಟಿನ್ ಬೈಬಲಿನಲ್ಲಿ ಅಕ್ಷರದ ಹೆಸರುಗಳನ್ನು ಹಾಗೇ ಉಳಿಸಿಕೊಂಡಿದ್ದರಿಂದ, ಕಥೋಲಿಕರ ಪವಿತ್ರ ವಾರದ ಲ್ಯಾಟಿನ್ ಪಠಣದಲ್ಲಿ ಆ ಹೆಸರುಗಳನ್ನೇ ರಾಗವಾಗಿ ಎಳೆದು ಹಾಡುತ್ತಿದ್ದರು. ಕಳೆದ ಶತಮಾನದ ನಡುವಿನಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ತನ್ನ ಅನುವಾದದಲ್ಲಿ ಈ ಪದ್ಯಗಳನ್ನು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲೇ ಕೂರಿಸಿ ತೋರಿಸಿದ.

ಕನ್ನಡದಲ್ಲಿ ಆಗುವುದಿಲ್ಲವೇ? ನಮ್ಮವು 49 ಅಕ್ಷರ, ಬೇಕಿರುವುದು 22 ಎಂದು ನಾನು ಕೈಚೆಲ್ಲಿದೆ. ಹಿರಿಯರು ಡೈರಿ ತೆಗೆದರು. ಙ, ಞ, ಣ, ಳಗಳಿಂದ ಮಾತು ಶುರುವಾಗುವುದಿಲ್ಲ, ತೆಗೆಯಿರಿ. ಮಹಾಪ್ರಾಣ ಬೇಡ. ದೀರ್ಘ ಬೇಡ. ಅ, ಇ, ಉ ಇಟ್ಟುಕೊಳ್ಳಿ. ಕ, ಗ, ಚ, ಜ, ಟ, ಡ, ತ, ದ, ನ, ಪ, ಬ, ಮ, ಯ, ರ, ಲ, ವ, ಶ, ಸ, ಹ. ನಾನು ಅಲ್ಲೇ ಬೆರಳು ಮಡಿಚಿ ಎಣಿಸಿದೆ. ಸರಿಯಾಗಿ 22! ಅವರ ಡೈರಿಯಲ್ಲಿ ಅಕಾರದಿಂದ ಜಕಾರದವರೆಗೆ ತಕ್ಕ ಸಾಲುಗಳೂ ಆಗಿವೆ; ಟಕಾರಕ್ಕೆ ಬಂದು ನಿಂತಿದೆ. ಟಕಾರದಿಂದ ಅಳುವುದು ಕನ್ನಡದವರಿಗೆ ಅಷ್ಟು ಸುಲಭವಲ್ಲ, ಟಗರು ಟೊಣ್ಣೆಗಳೇ ಮುಂದೆ ಬಂದು ನಿಲ್ಲುತ್ತವೆ.

ಛಂದಸ್ಸು ಬಲ್ಲವರು ಶಿವಮೊಗ್ಗ ಜಿಲ್ಲೆಯಲ್ಲಿ ಇವತ್ತಿಗೂ ಇದ್ದಾರೆ, ಹಿಬ್ರೂ ಕಲಿತ ಪಾದ್ರಿಗಳೂ ಕರ್ನಾಟಕದಲ್ಲಿದ್ದಾರೆ. ಇಬ್ಬರೂ ಒಂದು ಮೇಜಿಗೆ ಕೂತು ಪ್ರಲಾಪಗಳ ಮೂರನೆಯ ಅಧ್ಯಾಯವನ್ನು, 66 ಸಾಲನ್ನಷ್ಟೇ, ಅಕ್ಷರಮಾಲೆಯ ಕ್ರಮದಲ್ಲಿ ಕನ್ನಡಿಸಿಕೊಡಲಿ. ಅಯಿನ್, ಪೇ ಬರುವ ಜಾಗದಲ್ಲಿ ನಮ್ಮ ಎರಡು ಅಕ್ಷರಗಳನ್ನೂ ಅದಲುಬದಲು ಮಾಡಿಯೇ ಕೊಡಲಿ. ಟಕಾರಕ್ಕೆ ಒಪ್ಪುವ ಒಂದು ಸಾಲು ಯಾರಿಗಾದರೂ ಹೊಳೆದರೆ ಪತ್ರಿಕೆಗೆ ಬರೆಯಿರಿ, ಹೊಸಮನೆಗೆ ತಲುಪಿಸುವುದು ನನ್ನ ಹೊಣೆ.