ಚಪ್ಪಟೆಯಾದ ವೃತ್ತ

1993ರ ಡೂಮ್ ಆಟವನ್ನು ಇಂದಿನ ಪರದೆಯ ಮೇಲೆ ಪಿಕ್ಸೆಲ್‌ಗೆ ಪಿಕ್ಸೆಲ್ ಇಟ್ಟು ನೋಡಿದರೆ ಅದರ ಸೈನಿಕರು ಕುಳ್ಳಗೆ, ಅಗಲವಾಗಿ ಕಾಣುತ್ತಾರೆ. ಆಟ ಕೆಟ್ಟಿಲ್ಲ, ಅದು ಯಾವ ಪರದೆಯನ್ನು ನಂಬಿ ಹುಟ್ಟಿತೋ ಆ ಪರದೆ ಈಗಿಲ್ಲ. ಐಬಿಎಂ 1987ರಲ್ಲಿ ತಂದ ವಿಜಿಎ ವ್ಯವಸ್ಥೆಯಲ್ಲಿ 256 ಬಣ್ಣಗಳ ಆಟಗಳಿಗೆ ಒಗ್ಗಿದ ಅಳತೆ 320ಕ್ಕೆ 200. ಇದಕ್ಕೆ ಬೇಕಾಗುವುದು 64,000 ಬೈಟ್. ಅಂದಿನ ಪ್ರೊಸೆಸರ್ ಒಂದು ತುಂಡಿನಲ್ಲಿ ನೇರವಾಗಿ ನಿಭಾಯಿಸುತ್ತಿದ್ದ ನೆನಪುಕೋಶ 65,536 ಬೈಟ್. 320ಕ್ಕೆ 240 ಎಂದಿದ್ದರೆ 76,800 ಬೈಟ್ ಬೇಕಾಗಿ, ಕೆಲಸ ತೊಡಕಾಗುತ್ತಿತ್ತು. ಆದರೆ ಅಂದಿನ ಗಾಜಿನ ಮಾನಿಟರಿನ ಆಕಾರ 4:3. ಆ 200 ಸಾಲುಗಳೇ ಹಿಗ್ಗಿ ಇಡೀ ಎತ್ತರವನ್ನು ತುಂಬುತ್ತಿದ್ದವು. ಹಾಗಾಗಿ ಒಂದೊಂದು ಪಿಕ್ಸೆಲ್ಲೂ ಅಗಲಕ್ಕಿಂತ 1.2 ಪಟ್ಟು ಎತ್ತರವಾಗಿತ್ತು. ಇಂದಿನ ಪರದೆಯ ಪಿಕ್ಸೆಲ್ ಚೌಕ.

ಚಿತ್ರ ಬರೆಯುತ್ತಿದ್ದವರ ಎದುರಿಗಿದ್ದದ್ದೂ ಅದೇ ಮಾನಿಟರು. ನೂರು ಪಿಕ್ಸೆಲ್ ಅಗಲದ ವೃತ್ತವೊಂದು ಕಣ್ಣಿಗೆ ದುಂಡಗೆ ಕಾಣಬೇಕಾದರೆ ಅದನ್ನು ಸುಮಾರು 83 ಸಾಲುಗಳಲ್ಲಿ ಮುಗಿಸಬೇಕಿತ್ತು. ಅದೇ ಚಿತ್ರ ಚೌಕ ಪಿಕ್ಸೆಲ್ಲಿನ ಮೇಲೆ ಬಂದಾಗ ಮೇಲಿನಿಂದ ಅದುಮಿದ ಲಾಡಿನಂತಾಗುತ್ತದೆ. ಅನುಪಾತವನ್ನು ಸರಿಪಡಿಸುವುದೆಂದರೆ ಆ ಎತ್ತರವನ್ನು ಮರಳಿ ಕೊಡುವುದು, ಅಷ್ಟೇ.

ಕಡತದಲ್ಲಿರುವ ಪಿಕ್ಸೆಲ್ಲುಗಳೇ ಮೂಲ, ಅವನ್ನು ಹಿಗ್ಗಿಸುವುದೇ ವಿಕೃತಿ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಕಡತದಲ್ಲಿ ಇರುವುದು ಬಣ್ಣಗಳ ಲೆಕ್ಕ ಮಾತ್ರ. ಅದಕ್ಕೆ ಆಕಾರ ಬಂದದ್ದು ಗಾಜಿನ ಮೇಲೆ, ಕಲಾವಿದ ಸೈ ಎಂದದ್ದೂ ಅದನ್ನು ಅಲ್ಲಿ ನೋಡಿಯೇ. ಇನ್ನೊಂದು ತಕರಾರು ಹೆಚ್ಚು ತೂಕದ್ದು. 1080 ಸಾಲುಗಳ ಪರದೆಯಲ್ಲಿ 200 ಸಾಲುಗಳನ್ನು 5.4 ಪಟ್ಟು ಹಿಗ್ಗಿಸಬೇಕು. ಕೆಲವು ಸಾಲು ದಪ್ಪ, ಕೆಲವು ತೆಳು ಆಗುತ್ತವೆ, ಇಲ್ಲವೇ ಅಂಚುಗಳು ಮಸುಕಾಗುತ್ತವೆ. ಇದು ನಿಜ. ಆದರೆ ಪರದೆಯ ಸಾಂದ್ರತೆ ಹೆಚ್ಚಿದಂತೆ ಈ ದೋಷ ಕರಗುತ್ತದೆ: ಅಗಲವನ್ನು ಐದು ಪಟ್ಟು, ಎತ್ತರವನ್ನು ಆರು ಪಟ್ಟು ಮಾಡಿದರೆ 1600ಕ್ಕೆ 1200, ಒಂದು ಚೂರೂ ಉಳಿಯದ ಲೆಕ್ಕ. 4ಕೆ ಪರದೆಯಲ್ಲಿ ಇದಕ್ಕೆ ಧಾರಾಳ ಜಾಗವಿದೆ. ಅಂಚಿನ ಮಸುಕನ್ನು ಕಣ್ಣು ಸಹಿಸೀತು, ಕುಗ್ಗಿದ ಮುಖವನ್ನಲ್ಲ. ಚೌಕ ಪಿಕ್ಸೆಲ್ಲನ್ನೇ ಎಣಿಸಿ ಬರೆದ ಚಿತ್ರಗಳೂ ಕೆಲವು ಆಟಗಳಲ್ಲಿ ಉಂಟು. ಅಂಥಲ್ಲಿ ಕುರುಡು ನಿಯಮ ಬೇಡ, ಆಟದೊಳಗಿನ ಚಕ್ರವನ್ನೋ ಚಂದ್ರನನ್ನೋ ನೋಡಿ ತೀರ್ಮಾನಿಸಬೇಕು.

ಅಗಲ ಪರದೆಯ ಎರಡೂ ಬದಿಯಲ್ಲಿ ಉಳಿಯುವ ಕಪ್ಪು ಪಟ್ಟಿಯನ್ನು ಕಂಡು ಚಿತ್ರವನ್ನು ಅಡ್ಡಕ್ಕೆ ಎಳೆಯಬೇಡಿ. ಡೋಸ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಹಳೆಯ ಆಟ ಆಡುವವರು ಅದರ ಸೆಟ್ಟಿಂಗ್ ಕಡತ ತೆರೆದು, 'ಆಸ್ಪೆಕ್ಟ್' ಎಂಬ ಸಾಲಿನ ಮುಂದಿರುವ 'ಫಾಲ್ಸ್' ಅಳಿಸಿ 'ಟ್ರೂ' ಎಂದು ಬರೆಯಿರಿ.